ಗೋವಿಂದ ಪೈ: ಸುವಾರ್ತೆಯ ಕವಿ, ಪಪೈರಸ್ಸಿನ ವಿದ್ವಾಂಸ

ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಯವರು ಜನಿಸಿದ್ದು 1883ರ ಮಾರ್ಚ್ 23ರಂದು. ಮೊದಲ ವಿದ್ಯಾಭ್ಯಾಸ ಮಂಗಳೂರಿನಲ್ಲಿ ನಡೆಯಿತು. ಪಂಜೆ ಮಂಗೇಶರಾಯರು ಅಲ್ಲಿ ಅವರ ಗುರುಗಳಾಗಿದ್ದರು. ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರಾದರೂ ತಂದೆಯವರ ನಿಧನದಿಂದಾಗಿ ಬಿ.ಎ. ಪದವಿಯನ್ನು ಪೂರೈಸದೆಯೇ ಊರಿಗೆ ಮರಳಬೇಕಾಯಿತು. ಪದವಿಯಿಲ್ಲದ ಈ ವಿದ್ವಾಂಸರು ಮಂಜೇಶ್ವರದ ಮನೆಯಲ್ಲಿಯೇ ಕುಳಿತು ಹಲವಾರು ಭಾಷೆಗಳನ್ನು ಅಭ್ಯಾಸ ಮಾಡಿದರು. 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ತೊರೆದು ಕಾವ್ಯರಚನೆ ಮಾಡಿದ ಸಂಗತಿ ಸಾಹಿತ್ಯ ಚರಿತ್ರೆಯಲ್ಲಿ ಸುಪರಿಚಿತವಾದುದು. ಅವರ ಬದುಕಿನಲ್ಲಿ ಪ್ರಾಚೀನ ಕ್ರೈಸ್ತ ಜಗತ್ತು ಎರಡು ಬಾರಿ, ಎರಡು ಬೇರೆ ಬಾಗಿಲುಗಳಿಂದ ಪ್ರವೇಶಿಸಿದುದನ್ನು ಮಾತ್ರ ಒಟ್ಟಿಗೆ ಗಮನಿಸಿದವರು ಕಡಿಮೆ.

ಮೊದಲನೆಯ ಬಾಗಿಲು ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲ ವಿದ್ವಾಂಸರು 1897ರಲ್ಲಿ ಅಲ್ಲಿ ಅಗೆದಾಗ ಯೇಸುವಿನ ನುಡಿಗಳನ್ನೊಳಗೊಂಡ ಗ್ರೀಕ್ ಹಾಳೆಯೊಂದು ದೊರೆಯಿತು. ಅವು ನಿಜವಾಗಿ ಯೇಸುವಿನ ನುಡಿಗಳೇ, ಯಾವ ಸುವಾರ್ತೆಗೆ ಸೇರಿದವು ಎಂಬ ವಾದ ಐವತ್ತು ವರ್ಷ ನಡೆಯಿತು. 1945ರಲ್ಲಿ ನಾಗ್ ಹಮ್ಮಾದಿಯ ಕಾಪ್ಟಿಕ್ ಹೊತ್ತಗೆಗಳು ಸಿಕ್ಕಿದ ಮೇಲೆಯೇ ಅದು ತೋಮನ ಹೆಸರಿನ ಸುವಾರ್ತೆಯ ತುಣುಕೆಂಬುದು ತಿಳಿದುಬಂದಿತು. ಸುವಾರ್ತೆಯ ಚೂರುಗಳಿದ್ದ ಅದೇ ಕಸದಲ್ಲಿ ಗ್ರೀಕ್ ಪ್ರಹಸನವೊಂದೂ ಇತ್ತು. 1903ರಲ್ಲಿ ಪ್ರಕಟವಾದ ಆ ಪ್ರಹಸನದ ಪ್ರತಿ ಎರಡನೆಯ ಶತಮಾನದ್ದು. ಭಾರತದ ಕರಾವಳಿಯ ದೇಗುಲವೊಂದರಲ್ಲಿ ಸೆರೆಯಾದ ಖರಿಟಿಯಾನ್ ಎಂಬ ಗ್ರೀಕ್ ತರುಣಿಯನ್ನು ಬಿಡಿಸಲು ಅವಳ ಅಣ್ಣ ಬರುತ್ತಾನೆ; ಆಕೆಯ ಕಡೆಯವರು ಅಲ್ಲಿನ ಅರಸನಿಗೆ ಮದ್ಯ ಕುಡಿಸಿ ಪಾರಾಗುತ್ತಾರೆ. ಅರಸನೂ ಅವನ ಪರಿವಾರದವರೂ ಆಡುವ ಮಾತು ಗ್ರೀಕ್ ಅಲ್ಲ. 1904ರಲ್ಲಿ ಶಾಸನತಜ್ಞ ಹುಲ್ಚ್ ಅದರಲ್ಲಿ ಕೊಂಚ, ಮಧು ಮುಂತಾದ ಶಬ್ದಗಳನ್ನು ಗುರುತಿಸಿ ಅದು ಕನ್ನಡವೆಂದರು. ಆರ್. ಶಾಮಶಾಸ್ತ್ರಿಗಳು ಆ ದಾರಿಯಲ್ಲಿ ಮುಂದುವರಿದರು. ಗೋವಿಂದ ಪೈಯವರೂ ಕನ್ನಡದ ಪಕ್ಷದಲ್ಲಿಯೇ ನಿಂತು ಚರ್ಚೆಗಿಳಿದರು. 1926ರಲ್ಲಿ ಬಾರ್ನೆಟ್ ಇದನ್ನು ಅಲ್ಲಗಳೆದರು. ಅನಂತರದ ಕೆಲವರು ಅದು ತುಳುವೆಂದರು.

ಪಣಕ್ಕಿದ್ದುದು ಅಲ್ಪವಲ್ಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನಕ್ಕಿಂತ ಕನ್ನಡ ವಾಕ್ಯ ಇನ್ನೂರೈವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತಿತ್ತು. ಆದರೆ ಹಳಗನ್ನಡದಲ್ಲಿ ಪಕಾರವಿರಬೇಕಾದಲ್ಲಿ ಹಕಾರದ ರೂಪವನ್ನು ಓದುವುದೂ, ಗ್ರೀಕ್ ಲಿಪಿಕಾರನ ಕಿವಿಗೆ ಬಿದ್ದ ಧ್ವನಿಗಳನ್ನು ಬೇಕಾದ ಹಾಗೆ ಒಡೆದು ಜೋಡಿಸುವುದೂ ಆ ವಾದದ ದೌರ್ಬಲ್ಯ. ಮಸ್ಕಿಯ ಬಂಡೆಯನ್ನು ಇಲ್ಲಿ ನೆನೆಯಬಹುದು. ಅಂದಿನ ಹೈದರಾಬಾದು ಸಂಸ್ಥಾನದ ಈ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ 1915ರಲ್ಲಿ ಬಹುಕಾಲದ ಸಂದೇಹವೊಂದು ಇಲ್ಲವಾಯಿತು. ಕಲ್ಲಿನ ಭಾಷೆ ಕೊರೆಯಿಸಿದವನದು. ಪ್ರಹಸನದ ಆ ಮಾತು ಬರೆದವನಿಗೇ ಪರಭಾಷೆ. ಇಂಥ ಸಾಕ್ಷ್ಯದ ಮೇಲೆ ಕನ್ನಡದ ಪ್ರಾಚೀನತೆಯನ್ನು ನಿಲ್ಲಿಸಲಾಗದು. ಕಾಲನಿರ್ಣಯದಲ್ಲಿ ಅಷ್ಟೊಂದು ನಿಷ್ಠುರರಾಗಿದ್ದ ಪೈಯವರನ್ನು ಇಲ್ಲಿ ನುಡಿಯ ಮೇಲಿನ ಮೋಹ ಸ್ವಲ್ಪ ಸೆಳೆದಿತ್ತೆಂದೇ ಹೇಳಬೇಕು.

ಎರಡನೆಯ ಬಾಗಿಲು ಗೊಲ್ಗೊಥಾ. ಯೇಸುವಿನ ಕಡೆಯ ದಿನವನ್ನು ವಸ್ತುವಾಗುಳ್ಳ ಈ ಖಂಡಕಾವ್ಯ 1930ರ ದಶಕದ ಕೃತಿ. ಆಂಗ್ಲ ಮೂಲಕ ಬಂದ ಕಲ್ವರಿ ಎಂಬ ಹೆಸರನ್ನು ಬಿಟ್ಟು, ತಲೆಬುರುಡೆ ಎಂಬರ್ಥದ ಅರಮಾಯಿಕ್ ಹೆಸರನ್ನು ಕಾವ್ಯಕ್ಕಿರಿಸಿದುದರಲ್ಲಿಯೇ ಸಂಶೋಧಕನ ಕೈ ಕಾಣುತ್ತದೆ. ಈ ವಸ್ತುವನ್ನೆತ್ತಿಕೊಂಡ ಯಾವ ಕವಿಗೂ ನಾಲ್ಕು ಸುವಾರ್ತೆಗಳು ನಾಲ್ಕು ಸಾಕ್ಷಿಗಳಾಗಿ ಎದುರಾಗುತ್ತವೆ. ಮಾರ್ಕನಲ್ಲಿ ಶಿಲುಬೆಗೇರಿಸಿದ್ದು ಮೂರನೆಯ ಗಳಿಗೆ. ಯೋಹಾನನಲ್ಲಿ ಆರನೆಯ ಗಳಿಗೆಗೆ ವಿಚಾರಣೆಯೇ ಮುಗಿದಿಲ್ಲ. ಶಿಲುಬೆಯ ಮೇಲಿನ ಏಳು ನುಡಿಗಳು ಯಾವ ಒಂದು ಗ್ರಂಥದಲ್ಲಿಯೂ ಒಟ್ಟಿಗಿಲ್ಲ. ತನ್ನನ್ನು ಕೊಲ್ಲುವವರಿಗಾಗಿ ಯೇಸು ಬೇಡುವ ಕ್ಷಮೆಯ ನುಡಿ ಲೂಕನಲ್ಲಿ ಮಾತ್ರ ಇದೆ. ಅದೂ ವ್ಯಾಟಿಕನ್ನಿನ ನಾಲ್ಕನೆಯ ಶತಮಾನದ ಪ್ರತಿಯ ಮೂಲ ಪಾಠದಲ್ಲಿಲ್ಲ. ಅದಕ್ಕೂ ಹಿಂದಿನದೆಂದು ಬಹುಮಂದಿ ಎಣಿಸುವ, 1961ರಲ್ಲಿ ಪ್ರಕಟವಾದ ಪಪೈರಸ್ ಪ್ರತಿಯಲ್ಲಿಯೂ ಇಲ್ಲ. ಬಿಟ್ಟುಹೋಯಿತೇ, ಸೇರಿಸಲಾಯಿತೇ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಗ್ರಂಥಸಂಪಾದಕ ಇಂಥಲ್ಲಿ ಆವರಣಚಿಹ್ನೆ ಹಾಕಿ ನಿಲ್ಲಬಹುದು. ಕವಿಗೆ ಆ ಸೌಲಭ್ಯವಿಲ್ಲ, ಒಂದೇ ದಿನವನ್ನು ಅವನು ಕಟ್ಟಿಕೊಡಲೇಬೇಕು. ಕ್ರೈಸ್ತರಲ್ಲದ ಪೈಯವರು ಮತನಿಷ್ಠೆಯ ಒತ್ತಾಯವಿಲ್ಲದೆ, ಖಂಡನೆಯ ಹಟವೂ ಇಲ್ಲದೆ ಆ ದಿನವನ್ನು ಕನ್ನಡಕ್ಕೆ ತಂದರು. ಪ್ರಹಸನದ ವಿಚಾರದಲ್ಲಿ ತೋರದ ಸಮಚಿತ್ತ ಇಲ್ಲಿ ತೋರುತ್ತದೆ.

ಬುದ್ಧನ ಕಡೆಯ ದಿನವನ್ನು ಕುರಿತ ವೈಶಾಖಿ 1946ರಲ್ಲಿ ಬಂದಿತು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು. 1951ರ ಮುಂಬಯಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಂಜೇಶ್ವರ ಕಾಸರಗೋಡಿನೊಡನೆ ಕೇರಳಕ್ಕೆ ಸೇರಿಹೋಯಿತು. ಕನ್ನಡದ ಹಳಮೆಯನ್ನು ಈಜಿಪ್ಟಿನ ಕಸದಲ್ಲಿ ಅರಸಿದವರ ಮನೆಯೇ ಕನ್ನಡನಾಡಿನ ಹೊರಗುಳಿಯಿತು. 1963ರ ಸೆಪ್ಟೆಂಬರ್ 6ರಂದು ಪೈಯವರು ನಿಧನರಾದರು.