ಕಾಡನ್ನು ಬೆಳ್ಳಗಾಗಿಸಿದ ಮುರ್ನೌ

ಕಾಡಿನಲ್ಲಿ ನಡೆಯುವ ದೆವ್ವದ ಸಿನಿಮಾ ಎಂದರೆ ನನಗೆ ಭಯ. ಆದರೂ ನೋಡದೆ ಇರಲಾರೆ. ಕಳೆದ ರಜೆಯಲ್ಲಿ ಅಣ್ಣನ ಮೊಬೈಲಿನಲ್ಲಿ ನೂರು ವರ್ಷ ಹಳೆಯದಾದ ಜರ್ಮನಿಯ ಒಂದು ಮೂಕಿಚಿತ್ರ ನೋಡಿದೆ. ಅದರ ಹೆಸರು ‘ನೊಸ್ಫೆರಾಟು’. ಅದರಲ್ಲಿ ಒಂದು ಕುದುರೆಗಾಡಿ ಕಾಡಿನೊಳಗೆ ಓಡುತ್ತದೆ. ಇದ್ದಕ್ಕಿದ್ದಂತೆ ಮರಗಳು ಬೆಳ್ಳಗಾಗುತ್ತವೆ, ಆಕಾಶ ಕಪ್ಪಾಗುತ್ತದೆ. ಅಷ್ಟೇ. ಆದರೆ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಇದನ್ನು ಮಾಡಿದವರು ಯಾರು ಎಂದು ಹುಡುಕಿ ಓದಿದೆ.

ಅವರು ಎಫ್. ಡಬ್ಲ್ಯೂ. ಮುರ್ನೌ. 1888ರ ಡಿಸೆಂಬರ್ 28ರಂದು ಜರ್ಮನಿಯ ಬೀಲೆಫೆಲ್ಡ್‌ನಲ್ಲಿ ಹುಟ್ಟಿದರು. ಮನೆತನದ ಹೆಸರು ಪ್ಲುಂಪೆ. ಮುರ್ನೌ ಎಂಬುದು ಬವೇರಿಯಾದ ಒಂದು ಊರು. ಅದನ್ನೇ ತಮ್ಮ ಹೆಸರಾಗಿ ಮಾಡಿಕೊಂಡರು. ಹೈಡೆಲ್‌ಬರ್ಗ್‌ನಲ್ಲಿ ಓದಿ, ಮ್ಯಾಕ್ಸ್ ರೈನ್‌ಹಾರ್ಟ್ ಅವರ ಬಳಿ ನಾಟಕ ಕಲಿತರು. ಮೊದಲ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದರು. ವಿಮಾನ ಸ್ವಿಟ್ಜರ್ಲೆಂಡಿನಲ್ಲಿ ಇಳಿದಾಗ ಅಲ್ಲಿ ಅವರನ್ನು ಬಂಧನದಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಸಿನಿಮಾಕ್ಕೆ ಬಂದರು.

ಆಗ ಜರ್ಮನಿಯ ಹಲವು ಚಿತ್ರಗಳನ್ನು ಸ್ಟುಡಿಯೋದೊಳಗೆ, ಬಣ್ಣ ಬಳಿದ ಪರದೆಗಳ ಮುಂದೆ ತೆಗೆಯುತ್ತಿದ್ದರು. ಮುರ್ನೌ 1921ರಲ್ಲಿ ಕ್ಯಾಮರಾ ಹೊತ್ತು ಈಗಿನ ಸ್ಲೊವಾಕಿಯಾದ ಬೆಟ್ಟಗಳಿಗೆ ಹೋದರು. ಒರಾವಾ ಎಂಬ ನಿಜವಾದ ಕೋಟೆಯೇ ಪಿಶಾಚಿಯ ಮನೆಯಾಯಿತು. ಬಿಳಿ ಕಾಡಿನ ಗುಟ್ಟು ಬಹಳ ಸರಳ. ಹಿಂದೆ ಫೋಟೋ ಸ್ಟುಡಿಯೋದವರು ಫೋಟೋ ಜೊತೆ ನೆಗೆಟಿವ್ ಕೊಡುತ್ತಿದ್ದರಲ್ಲ, ಅದರಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುತ್ತದೆ. ಮುರ್ನೌ ಆ ದೃಶ್ಯಕ್ಕೆ ನೆಗೆಟಿವ್ ಚಿತ್ರವನ್ನೇ ಬಳಸಿದರು. ನಮಗೆ ಗೊತ್ತಿರುವ ಕಾಡೇ ತಿರುಗುಮುರುಗಾದಾಗ ಭಯ ತಾನಾಗಿ ಬರುತ್ತದೆ.

ಚಿತ್ರ 1922ರಲ್ಲಿ ತೆರೆಕಂಡಿತು. ಆದರೆ ಕಥೆ ಅವರದಲ್ಲ. ಅದು ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿ. ಡ್ರಾಕುಲಾನನ್ನು ಓರ್ಲಾಕ್ ಮಾಡಿ ಪಾತ್ರಗಳ ಹೆಸರು ಬದಲಿಸಿದ್ದರು. ಚಿತ್ರದ ಆರಂಭದಲ್ಲಿ ಕಾದಂಬರಿಯ ಹೆಸರು ಹಾಕಿದ್ದರು. ಅನುಮತಿ ಮಾತ್ರ ಪಡೆದಿರಲಿಲ್ಲ. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಆಗ ವಿಧವೆ. ಅವರು ನ್ಯಾಯಾಲಯಕ್ಕೆ ಹೋದರು. 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂದು ಆದೇಶವಾಯಿತು. ಬೇರೆ ದೇಶಗಳಿಗೆ ಹೋಗಿದ್ದ ಕೆಲವು ಪ್ರತಿಗಳು ಉಳಿದದ್ದರಿಂದ ನಾನು ಇಂದು ಆ ಕಾಡನ್ನು ನೋಡಿದೆ.

ಇಲ್ಲಿಗೆ ಓದಿ ಮೊಬೈಲ್ ಕೆಳಗಿಟ್ಟೆ. ಹೋದ ವರ್ಷ ಸೀನಿಯರ್ ಒಬ್ಬರ ಪ್ರಾಜೆಕ್ಟ್ ನಕಲು ಮಾಡಿ, ನಾಲ್ಕು ಮಾತು ಬದಲಿಸಿ ನನ್ನದೆಂದು ಕೊಟ್ಟಿದ್ದೆ. ಒಳ್ಳೆಯ ಅಂಕವೂ ಬಂದಿತ್ತು. ಮುರ್ನೌ ಅವರಾದರೂ ಮೂಲ ಲೇಖಕರ ಹೆಸರು ಹಾಕಿದ್ದರು. ನಾನು ಅದನ್ನೂ ಹಾಕಿರಲಿಲ್ಲ.

ಮುರ್ನೌ ಆಮೇಲೆ ಅಮೆರಿಕಕ್ಕೆ ಹೋದರು. ಅಲ್ಲಿ ಮಾಡಿದ ‘ಸನ್‌ರೈಸ್’ ಚಿತ್ರಕ್ಕೆ ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲೇ ಪ್ರಶಸ್ತಿ ಬಂತು. 1931ರ ಮಾರ್ಚ್ 11ರಂದು, ಕೊನೆಯ ಚಿತ್ರ ‘ಟಬು’ ತೆರೆಕಾಣುವ ಒಂದು ವಾರ ಮೊದಲು, ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಿಂದ ತೀರಿಕೊಂಡರು. ಆಗ ಅವರಿಗೆ ವಯಸ್ಸು 42.

ಕಾಡು ಅವರು ಕಂಡದ್ದು, ಕಥೆ ಇನ್ನೊಬ್ಬರದು. ಆ ಚಿತ್ರಕ್ಕೆ ಅಪಾಯ ತಂದದ್ದು ಕೇಳದೆ ತೆಗೆದುಕೊಂಡ ಕಥೆ. ನಾನು ಅದನ್ನು ನೆನೆಯುವುದು ಆ ಬಿಳಿ ಕಾಡಿಗಾಗಿ. ರಜೆ ಮುಗಿದ ಮೊದಲ ದಿನವೇ ಆ ಸೀನಿಯರ್ ಬಳಿ ಹೋಗಿ ವಿಷಯ ಹೇಳಿದೆ. ಈ ವರ್ಷದ ಪ್ರಾಜೆಕ್ಟ್ ನಾನೇ ಬರೆಯುತ್ತಿದ್ದೇನೆ. ಅಂಕ ಎಷ್ಟು ಬರುತ್ತದೋ ನೋಡೋಣ.