ಸರ್ ಎಂ.ವಿ.ಯವರ ಮುಂಬಯಿ ವರ್ಷಗಳು: ಮೊದಲು ಬಿಚ್ಚಬೇಕಾದ ಗಂಟು ಯಾವುದು?

ದಾದರ್ ಪೂರ್ವದಲ್ಲಿ ಮಳೆಗಾಲದ ಬೆಳಿಗ್ಗೆ ಎದ್ದವರು ಮೊದಲು ಕೇಳುವ ಪ್ರಶ್ನೆ ಒಂದೇ: ಹಿಂದ್‌ಮಾತಾದಲ್ಲಿ ನೀರು ನಿಂತಿದೆಯಾ? ನಿಂತಿದ್ದರೆ ಬಸ್ಸು ಸುತ್ತಿ ಹೋಗುತ್ತದೆ, ಟ್ಯಾಕ್ಸಿಯವರು ತಲೆಯಾಡಿಸುತ್ತಾರೆ, ಆಫೀಸಿಗೆ ತಡವಾಗುತ್ತೇನೆಂದು ಮೆಸೇಜ್ ಕಳಿಸುವುದು ನಮ್ಮ ಕೆಲಸ. ಆ ಜಾಗ ತಟ್ಟೆಯ ಹಾಗೆ ತಗ್ಗು. ಜೋರು ಮಳೆಯ ಹೊತ್ತಿಗೇ ಸಮುದ್ರದಲ್ಲಿ ಉಬ್ಬರವಿದ್ದರೆ ಚರಂಡಿಯ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಚರಂಡಿ ಅಗಲ ಮಾಡಿದರು, ಪಂಪು ಇಟ್ಟರು. ಕೊನೆಗೆ ಕೆಲವು ವರ್ಷಗಳ ಹಿಂದೆ ಪಾಲಿಕೆಯವರು ದಾದರ್ ಪಶ್ಚಿಮದ ಪ್ರಮೋದ್ ಮಹಾಜನ್ ಉದ್ಯಾನದಲ್ಲೂ ಪರೇಲಿನ ಸೇಂಟ್ ಕ್ಸೇವಿಯರ್ ಮೈದಾನದಲ್ಲೂ ನೆಲದಡಿ ದೊಡ್ಡ ಟ್ಯಾಂಕ್ ಕಟ್ಟಿದರು. ಮಳೆನೀರನ್ನು ಅಲ್ಲಿ ತಡೆದಿಟ್ಟು, ಉಬ್ಬರ ಇಳಿದ ಮೇಲೆ ಹೊರಬಿಡುವುದು ಯೋಜನೆ.

ಈ ಸುದ್ದಿ ಓದಿದಾಗ ನನಗೆ ನೆನಪಾದವರು ನೂರು ವರ್ಷಕ್ಕೂ ಹಿಂದೆ ಇದೇ ಮುಂಬಯಿ ಸರ್ಕಾರದ ನೌಕರಿಯಲ್ಲಿದ್ದ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ನಮಗೆಲ್ಲ ಅವರು ಕೆಆರ್‌ಎಸ್ ಕಟ್ಟೆಯ ಇಂಜಿನಿಯರ್, ಮೈಸೂರಿನ ದಿವಾನ್. ಅದಕ್ಕೂ ಮೊದಲು ಸುಮಾರು 25 ವರ್ಷ ಅವರು ನಮ್ಮ ಹಾಗೆಯೇ ಊರು ಬಿಟ್ಟು ಬಂದು ಇಲ್ಲಿ ದುಡಿದ ಕನ್ನಡಿಗ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಮರೆತುಹೋಗಿದೆ.

ನನ್ನ ವೃತ್ತಿಯ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಗುಣಮಟ್ಟ ನಿರ್ವಹಣೆಯಲ್ಲಿ ಪರೇಟೊ ಪಟ್ಟಿ ಎಂಬುದಿದೆ. ದೋಷಗಳನ್ನು ಕಾರಣಗಳ ಪ್ರಕಾರ ವಿಂಗಡಿಸಿ, ಅತಿ ಹೆಚ್ಚು ತೊಂದರೆ ಕೊಡುವ ಕಾರಣವನ್ನು ಎಡಕ್ಕೆ, ಕಡಿಮೆಯವನ್ನು ಕ್ರಮವಾಗಿ ಬಲಕ್ಕೆ ನಿಲ್ಲಿಸುವುದು. ಸಾಮಾನ್ಯವಾಗಿ ಎಡಗಡೆಯ ಎರಡು ಮೂರು ಕಾರಣಗಳೇ ಬಹುಪಾಲು ತೊಂದರೆಗೆ ಮೂಲ ಎಂದು ಕಾಣುತ್ತದೆ. ಇಟಲಿಯ ವಿಲ್ಫ್ರೆಡೊ ಪರೇಟೊ ಎಂಬ ಇಂಜಿನಿಯರ್ ಅರ್ಥಶಾಸ್ತ್ರಜ್ಞನಾಗಿ, ಸಂಪತ್ತು ಕೆಲವರ ಕೈಯಲ್ಲೇ ಸೇರುವುದನ್ನು 19ನೇ ಶತಮಾನದ ಕೊನೆಯಲ್ಲಿ ಲೆಕ್ಕ ಹಾಕಿ ತೋರಿಸಿದ. ಅಮೆರಿಕದ ಜೋಸೆಫ್ ಜುರಾನ್ ಆ ಹೆಸರನ್ನು ಕಾರ್ಖಾನೆಯ ದೋಷಗಳಿಗೆ ತಂದ. ಜುರಾನ್ ಇದನ್ನು ಪ್ರಚಾರಕ್ಕೆ ತರುವ ಎಷ್ಟೋ ಮೊದಲೇ ನಮ್ಮ ಎಂ.ವಿ. ಕೆಲಸ ಮಾಡಿದ ರೀತಿ ಹೆಚ್ಚುಕಡಿಮೆ ಇದೇ ಆಗಿತ್ತು.

ಮುದ್ದೇನಹಳ್ಳಿಯಿಂದ ಪುಣೆಗೆ

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಹುಟ್ಟೂರು. ತಂದೆ ಸಂಸ್ಕೃತ ಪಂಡಿತರು. ಮಗ ಇನ್ನೂ ಹುಡುಗನಾಗಿರುವಾಗಲೇ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡರು. 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಕೆಲಸ. ಮೊದಲ ನೇಮಕ ನಾಸಿಕದಲ್ಲಿ, ಆಮೇಲೆ ಖಾನದೇಶದಲ್ಲಿ.

1890ರ ದಶಕದ ಮಧ್ಯದಲ್ಲಿ ಸಿಂಧಿನ ಸಕ್ಕರ್ ಪಟ್ಟಣಕ್ಕೆ ಹೋದರು. ಆಗ ಸಿಂಧ್ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಪಕ್ಕದಲ್ಲೇ ಸಿಂಧೂ ನದಿ, ಆದರೆ ನೀರೆಲ್ಲ ಕೆಸರು. ಶುದ್ಧೀಕರಣದ ತೊಟ್ಟಿ ಕಟ್ಟಲು ಪುರಸಭೆಯ ಬಳಿ ದುಡ್ಡಿಲ್ಲ. ಎಂ.ವಿ. ಸಮಸ್ಯೆಯನ್ನು ಬಿಡಿಸಿ ನೋಡಿದರು. ನೀರಿನ ಕೊರತೆಯಿಲ್ಲ, ಪಂಪಿನ ಕೊರತೆಯಿಲ್ಲ, ತೊಂದರೆ ಕೆಸರೊಂದೇ. ಕೆಸರು ಸೋಸಲು ಮರಳು ಬೇಕು. ಮರಳು ನದಿಯ ತಳದಲ್ಲೇ ಇದೆ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಇಳಿದು ಬಂದ ತಿಳಿನೀರನ್ನು ಮೇಲಕ್ಕೆ ಎತ್ತಿಸಿದರು.

ಖಡಕವಾಸ್ಲಾದ ಬಾಗಿಲು, ನೀರಾ ನಾಲೆಯ ಬಾಲ

ಪುಣೆಗೆ ನೀರು ಕೊಡುತ್ತಿದ್ದ ಖಡಕವಾಸ್ಲಾ ಕೆರೆಯದು ಇನ್ನೊಂದು ಕಥೆ. ಪ್ರತಿ ಮಳೆಗಾಲದಲ್ಲೂ ಕೋಡಿ ಹರಿದು ನೀರು ಪೋಲಾಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಕಟ್ಟೆ ಎತ್ತರಿಸುವುದು ಎಲ್ಲರಿಗೂ ತೋಚುವ ಉಪಾಯ. ಎಂ.ವಿ. ಕಟ್ಟೆಯನ್ನು ಮುಟ್ಟಲಿಲ್ಲ. ಕೋಡಿಯ ಮೇಲೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂಡಿಸಿದರು. ನೀರಿನ ಮಟ್ಟ ಸುಮಾರು 8 ಅಡಿ ಹೆಚ್ಚು ನಿಲ್ಲುವಂತಾಯಿತು. ಪ್ರವಾಹ ಬಂದು ಮಟ್ಟ ಮೀರಿದಾಗ ಬಾಗಿಲು ತಾನಾಗಿ ತೆರೆದು, ಇಳಿದಾಗ ಮುಚ್ಚುತ್ತಿತ್ತು. ಇದು 1903ರ ಸುಮಾರಿನ ಮಾತು. ಬಾಗಿಲಿಗೆ ಪೇಟೆಂಟ್ ಪಡೆದರು, ಆದರೆ ತಾನೇ ನೌಕರನಾಗಿರುವ ಸರ್ಕಾರದಿಂದ ರಾಯಧನ ತೆಗೆದುಕೊಳ್ಳಲು ಒಪ್ಪಲಿಲ್ಲ. ಅದೇ ಬಗೆಯ ಬಾಗಿಲುಗಳು ಮುಂದೆ ಗ್ವಾಲಿಯರ್‌ಗೂ ಕೆಆರ್‌ಎಸ್‌ಗೂ ಹೋದವು.

ಅದೇ ಕಾಲದಲ್ಲಿ ನೀರಾ ನಾಲೆಯ ಕೆಲಸವೂ ನಡೆದಿತ್ತು. ನಾಲೆಯ ತಲೆಭಾಗದ ರೈತರು ಕಬ್ಬಿಗೆ ಬೇಕಾದಷ್ಟು ನೀರು ಹಾಯಿಸುತ್ತಿದ್ದರು. ಅಲ್ಲಿ ನೆಲ ಜೌಗಾಗುತ್ತಿತ್ತು, ಬಾಲದ ಹಳ್ಳಿಗಳು ಒಣಗುತ್ತಿದ್ದವು. ನೀರು ಕಡಿಮೆ ಎನ್ನುವುದು ಎಲ್ಲರ ದೂರು. ಹಂಚಿಕೆ ಸರಿಯಿಲ್ಲ ಎನ್ನುವುದು ಎಂ.ವಿ. ಕಂಡುಕೊಂಡ ಕಾರಣ. ಅದಕ್ಕಾಗಿ ಅವರು ತಂದದ್ದು ಬ್ಲಾಕ್ ಪದ್ಧತಿ. ಒಳ್ಳೆಯ ಮಣ್ಣಿನ ಭೂಮಿಯನ್ನು ಬ್ಲಾಕುಗಳಾಗಿ ಗುರುತಿಸಿ, ಪ್ರತಿ ಬ್ಲಾಕಿನಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ಮೂರು ವರ್ಷಕ್ಕೊಂದು ಸುತ್ತು. ಇದ್ದಷ್ಟೇ ನೀರು ಹೆಚ್ಚು ಹಳ್ಳಿಗಳಿಗೆ ಮುಟ್ಟಬೇಕು ಎಂಬುದು ಗುರಿ. ಮೊದಲು ರೈತರಿಂದ ವಿರೋಧ ಬಂತು; ಕೂತು ಮಾತಾಡಿ ಒಪ್ಪಿಸಬೇಕಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಮುಂಬಯಿ ಪ್ರಾಂತದ ಮುಖ್ಯ ಇಂಜಿನಿಯರ್ ಕುರ್ಚಿ ಭಾರತೀಯನಿಗೆ ಸಿಗುವ ಸಂಭವ ಆಗ ಇರಲಿಲ್ಲ. ಅವರು ಜಗಳವಾಡಲಿಲ್ಲ. 1908ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ನೌಕರಿ ಬಿಟ್ಟು ಯುರೋಪ್ ಪ್ರವಾಸಕ್ಕೆ ಹೊರಟರು. ಪರವೂರಿನಲ್ಲಿ ಎಷ್ಟೇ ದುಡಿದರೂ ಒಂದು ಮೆಟ್ಟಿಲ ಮೇಲೆ ಬಾಗಿಲು ಮುಚ್ಚಿರುತ್ತದೆ ಎಂದು ಅನಿಸಿದವರಿಗೆ ಈ ಸಂಗತಿ ಅರ್ಥವಾಗುತ್ತದೆ.

ಮೂಸಿಯ ಪ್ರವಾಹ

ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಎಂ.ವಿ.ಯವರನ್ನು ಕರೆಸಿತು. ಊರಿನೊಳಗೆ ತಡೆಗೋಡೆ ಎತ್ತರಿಸಿದರೆ ಸಾಕೆಂದು ಅವರು ಬಿಡಲಿಲ್ಲ. ನದಿಗೆ ನೀರು ಬರುವ ಇಡೀ ಪ್ರದೇಶದ ಮಳೆಯ ಲೆಕ್ಕ ಕೂಡಿಸಿದರು. ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ಒಂದು ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯ ಮೇಲೆ, ಹೀಗೆ ಸರಣಿ. ಹಾಗಾದರೆ ನೀರನ್ನು ಹಿಡಿಯಬೇಕಾದದ್ದು ಊರಿನ ಮೇಲುಗಡೆ. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಆ ಸಲಹೆಯ ಫಲ. ಹಿಂದ್‌ಮಾತಾದ ಟ್ಯಾಂಕು ಗಾತ್ರದಲ್ಲಿ ಅವುಗಳ ಮುಂದೆ ಏನೂ ಅಲ್ಲ. ಆದರೆ ತತ್ವ ಒಂದೇ: ನೀರನ್ನು ಓಡಿಸಲಾಗದಿದ್ದರೆ ಸ್ವಲ್ಪ ಹೊತ್ತು ತಡೆದಿಡಿ.

1909ರ ಕೊನೆಗೆ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನ್. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಬಂದವು. ನಾಡಿನ ಬಡತನಕ್ಕೆ ಅವರು ಕಂಡ ಮುಖ್ಯ ಕಾರಣ ಎರಡು: ವಿದ್ಯೆ ಇಲ್ಲದಿರುವುದು, ಉದ್ಯಮ ಇಲ್ಲದಿರುವುದು. ಹಣ, ಶ್ರಮ ಎಲ್ಲವನ್ನೂ ಆ ಎರಡರ ಮೇಲೇ ಹಾಕಿದರು.

ಪಟ್ಟಿಯ ಕೊನೆಯ ಸಾಲು

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಒಂದು ಕಡೆ ನಿಲ್ಲಬೇಕು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಜಾತಿಗಳಿಗೆ ಪಾಲು ಬೇಕೆಂಬ ಕೂಗು ಎದ್ದಾಗ, ಮೊದಲು ಶಿಕ್ಷಣ ಹರಡಲಿ, ನೇಮಕ ಅರ್ಹತೆಯ ಮೇಲೇ ಇರಲಿ ಎಂಬುದು ಎಂ.ವಿ. ನಿಲುವು. ಮಹಾರಾಜರು 1918ರಲ್ಲಿ ನ್ಯಾಯಮೂರ್ತಿ ಮಿಲ್ಲರ್ ಸಮಿತಿ ನೇಮಿಸಿದರು. ಆ ವರ್ಷದ ಕೊನೆಗೆ ಎಂ.ವಿ. ದಿವಾನಗಿರಿಯಿಂದ ಹೊರಬಂದರು. ಅವರಿಗೆ ಮುಖ್ಯ ಕಾರಣವಾಗಿ ಕಂಡದ್ದು ವಿದ್ಯೆಯ ಕೊರತೆ. ಹೊರಗೆ ನಿಂತವರಿಗೆ ಕಂಡದ್ದು ಅವಕಾಶದ ಹಂಚಿಕೆ. ನೀರಾ ನಾಲೆಯಲ್ಲಿ ಬಾಲದ ರೈತನ ಲೆಕ್ಕ ಹಿಡಿದ ಅದೇ ವ್ಯಕ್ತಿ ಇಲ್ಲಿ ತಲೆ ಯಾವುದು, ಬಾಲ ಯಾವುದು ಎಂದು ಬೇರೆ ರೀತಿ ನೋಡಿದರು ಎಂದು ನನಗೆ ಅನಿಸುತ್ತದೆ. ಮುಂಬಯಿಯಲ್ಲಿ ಅರ್ಹತೆ ಇದ್ದೂ ಕುರ್ಚಿ ಸಿಗದ ನೋವು ಸ್ವತಃ ಕಂಡವರು ಅವರು.

ನನ್ನದೂ ಇಂಥದೊಂದು ತಪ್ಪಿದೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ನಾವು ದೋಷಗಳನ್ನು ಎಣಿಸಿ ಪಟ್ಟಿ ಮಾಡಿ ಎಡಗಡೆಯ ಮೂರನ್ನು ಸರಿಪಡಿಸಿದೆವು. ಚಪ್ಪಾಳೆ ಸಿಕ್ಕಿತು. ತಿಂಗಳಿಗೆ ನಾಲ್ಕೈದು ಸಲ ಮಾತ್ರ ಬರುತ್ತಿದ್ದ ಒಂದು ದೋಷವನ್ನು ಬಲತುದಿಯಲ್ಲಿ ಬಿಟ್ಟೆವು. ಅದು ತಾಗುತ್ತಿದ್ದದ್ದು ಪಿಂಚಣಿದಾರರ ಖಾತೆಗೆ. ಹಣ ಎರಡು ಸಲ ಕಡಿತವಾಗುತ್ತಿತ್ತು. ಅಂಥವರೊಬ್ಬರು ಫೋನಿನಲ್ಲಿ ಅತ್ತದ್ದನ್ನು ಕೇಳಿದ ಮೇಲೆ ನಾನು ಪಟ್ಟಿಯನ್ನು ಸಂಖ್ಯೆಯಿಂದ ಮಾತ್ರ ಮಾಡುವುದನ್ನು ಬಿಟ್ಟೆ. ಎಷ್ಟು ಸಲ ಎಂಬುದರ ಪಕ್ಕದಲ್ಲಿ ಯಾರಿಗೆ, ಎಷ್ಟು ನಷ್ಟ ಎಂಬ ಎರಡು ಕಾಲಂ ಸೇರಿಸುತ್ತೇನೆ.

ದಿವಾನಗಿರಿಯ ನಂತರವೂ ಎಂ.ವಿ. ಮುಂಬಯಿಯನ್ನು ಬಿಡಲಿಲ್ಲ. 1921-22ರಲ್ಲಿ ಇಲ್ಲಿನ ತಾಂತ್ರಿಕ ಶಿಕ್ಷಣ ಸಮಿತಿಯ ಅಧ್ಯಕ್ಷರಾದರು. 1930ರ ದಶಕದಲ್ಲಿ ಇಲ್ಲೊಂದು ಮೋಟಾರು ಕಾರ್ಖಾನೆಯ ಯೋಜನೆ ಹಾಕಿ ಸರ್ಕಾರದ ಬೆಂಬಲ ಸಿಗದೆ ಹೋದರು. ಅವರ ಜೊತೆಗಿದ್ದ ವಾಲಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಕಂಪನಿ ತೆರೆದರು. 2023ರವರೆಗೂ ದಾದರ್ ಸ್ಟೇಷನ್ ಹೊರಗೆ ನಿಲ್ಲುತ್ತಿದ್ದ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು ಆ ಕಂಪನಿಯವೇ. 1941ರಲ್ಲಿ ಅಖಿಲ ಭಾರತ ತಯಾರಕರ ಸಂಘವನ್ನು ಕಟ್ಟಿದ್ದೂ ಈ ಊರಲ್ಲೇ. 1955ರಲ್ಲಿ ಭಾರತ ರತ್ನ. ನೂರು ವರ್ಷ ದಾಟಿ 1962ರ ಏಪ್ರಿಲ್ 14ರಂದು ತೀರಿಕೊಂಡರು.

ಸೆಪ್ಟೆಂಬರ್ 15ಕ್ಕೆ ನಾವೆಲ್ಲ ಅವರ ಪೇಟದ ಫೋಟೊ ಹಂಚಿಕೊಳ್ಳುತ್ತೇವೆ. ಈ ಸಲ ಫೋಟೊ ಜೊತೆಗೆ ಇನ್ನೊಂದು ಕೆಲಸ ಮಾಡೋಣ. ನಮ್ಮ ನಮ್ಮ ಕೆಲಸದ ತೊಂದರೆಗಳನ್ನು ಕಾರಣದ ಪ್ರಕಾರ ಬರೆಯೋಣ. ಮೊದಲ ಸಾಲನ್ನು ಸರಿಪಡಿಸಲು ಶುರುಮಾಡೋಣ. ಆಮೇಲೆ, ಮರೆಯದೆ, ಕೊನೆಯ ಸಾಲಿನಲ್ಲಿ ಯಾರಿದ್ದಾರೆ ಎಂದು ಒಮ್ಮೆ ಓದೋಣ.