ಮನದ ಕಣ್ಣು ಮಸುಕಾದರೂ: ವಿಲಿಯಂ ಜೇಮ್ಸ್ ಬದುಕು

ಕಣ್ಣು ಮುಚ್ಚಿ ಅಮ್ಮನ ಮುಖ ನೆನಪಿಸಿಕೊಳ್ಳಿ. ಹೆಚ್ಚಿನವರಿಗೆ ಸ್ಪಷ್ಟವೋ ಮಸುಕೋ, ಒಂದು ಚಿತ್ರ ಮೂಡುತ್ತದೆ. ಕೆಲವರಿಗೆ ಏನೂ ಕಾಣಿಸುವುದಿಲ್ಲ. ಅಮ್ಮ ಹೇಗಿದ್ದಾರೆಂದು ಗೊತ್ತಿರುತ್ತದೆ, ಎದುರಿಗೆ ಬಂದರೆ ಗುರುತೂ ಸಿಗುತ್ತದೆ. ಚಿತ್ರ ಮಾತ್ರ ಮೂಡುವುದಿಲ್ಲ. ಇದಕ್ಕೆ ಅಫ್ಯಾಂಟೇಸಿಯಾ ಎಂದು ಹೆಸರು. ಹೀಗಿದ್ದವರು ಸೃಜನಶೀಲರಾಗಲು ಸಾಧ್ಯವೇ ಎಂದು ಕೇಳುವವರಿಗೆ ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವರ ಬದುಕು ಒಂದು ಉತ್ತರ.

ಜೇಮ್ಸ್ ಹುಟ್ಟಿದ್ದು 1842ರಲ್ಲಿ, ನ್ಯೂಯಾರ್ಕ್‌ನಲ್ಲಿ. ಕಾದಂಬರಿಕಾರ ಹೆನ್ರಿ ಜೇಮ್ಸ್ ಇವರ ತಮ್ಮ. ಚಿತ್ರಕಾರರಾಗುವ ಆಸೆಯಿಂದ 1860ರಲ್ಲಿ ನ್ಯೂಪೋರ್ಟ್‌ನ ಕಲಾವಿದ ವಿಲಿಯಂ ಮಾರಿಸ್ ಹಂಟ್ ಬಳಿ ಕಲಿಯಲು ಸೇರಿದರು. ಮರುವರ್ಷವೇ ದಾರಿ ಬದಲಿಸಿ ಹಾರ್ವರ್ಡ್‌ಗೆ ಹೋದರು; 1869ರಲ್ಲಿ ವೈದ್ಯ ಪದವಿ ಪಡೆದರು. ಆ ವರ್ಷಗಳಲ್ಲಿ ಬೆನ್ನುನೋವು, ಕಣ್ಣಿನ ತೊಂದರೆ, ತೀವ್ರ ಖಿನ್ನತೆ ಅವರನ್ನು ಕಾಡಿದವು. ವೈದ್ಯವೃತ್ತಿ ಹಿಡಿಯಲಿಲ್ಲ. ಹಾರ್ವರ್ಡ್‌ನಲ್ಲೇ ಶರೀರಶಾಸ್ತ್ರ, ಆಮೇಲೆ ಮನಃಶಾಸ್ತ್ರ ಕಲಿಸಿದರು.

1880ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಒಂದು ಸಮೀಕ್ಷೆ ಪ್ರಕಟಿಸಿದರು. ಬೆಳಗಿನ ತಿಂಡಿಯ ಮೇಜನ್ನು ನೆನೆದಾಗ ಮನಸ್ಸಿನಲ್ಲಿ ಏನು ಕಾಣುತ್ತದೆ ಎಂಬುದು ಅದರ ಪ್ರಶ್ನೆ. ಕೆಲವು ವಿಜ್ಞಾನಿಗಳು ಏನೂ ಕಾಣುವುದಿಲ್ಲ ಎಂದಿದ್ದರು! ಜೇಮ್ಸ್ ಇದನ್ನೇ ತಮ್ಮ ವಿದ್ಯಾರ್ಥಿಗಳಿಗೂ ಕೇಳಿದರು; ಉತ್ತರಗಳು ಒಬ್ಬೊಬ್ಬರದು ಒಂದೊಂದು ಬಗೆ.

ಹನ್ನೆರಡು ವರ್ಷ ದುಡಿದು 1890ರಲ್ಲಿ ಹೊರತಂದ ಮನಃಶಾಸ್ತ್ರದ ಹೆಬ್ಬೊತ್ತಿಗೆಯಲ್ಲಿ ಜೇಮ್ಸ್ ತಮ್ಮ ವಿಷಯವನ್ನೂ ಮುಚ್ಚಿಡಲಿಲ್ಲ. ಮನದಲ್ಲಿ ಚಿತ್ರ ಕಾಣುವುದರಲ್ಲಿ ತಾವು ತೀರಾ ಹಿಂದೆ ಎಂದು ಬರೆದರು. ಒಂದು ಅಕ್ಷರವನ್ನು ನೆನೆಯಬೇಕಾದರೂ ಅದರ ಗೆರೆಗುಂಟ ಮನಸ್ಸನ್ನು ಓಡಿಸಬೇಕಿತ್ತು. ಅಂದರೆ, ನೋಟ ಕೈಕೊಟ್ಟಲ್ಲಿ ಚಲನೆ ನೆರವಿಗೆ ಬರುತ್ತಿತ್ತು. ಕಲ್ಪನೆ ಎಂಬುದು ಒಂದೇ ಅಲ್ಲ, ಹಲವು ಬಗೆ ಎಂಬುದು ಅವರ ನಿಲುವು. ಚಿತ್ರ, ಧ್ವನಿ, ಸ್ಪರ್ಶ, ಚಲನೆ, ಮಾತು: ಒಬ್ಬೊಬ್ಬರು ಒಂದೊಂದನ್ನು ನೆಚ್ಚುತ್ತಾರೆ.

1910ರಲ್ಲಿ ಜೇಮ್ಸ್ ತೀರಿಕೊಂಡರು. ಅಫ್ಯಾಂಟೇಸಿಯಾ ಎಂಬ ಪದ ಬಂದದ್ದು 2015ರಲ್ಲಿ. ಹಾಗಾಗಿ ಅವರಿಗೆ ಅದೇ ಇತ್ತೆಂದು ಹೇಳಲಾಗದು. ಮನದ ಕಣ್ಣು ದುರ್ಬಲವಾಗಿತ್ತು ಎನ್ನಬಹುದು.

ನಿಮ್ಮದೂ ಇದೇ ಅನುಭವವೇ? ಹುಟ್ಟಿನಿಂದಲೇ ಹೀಗಿದ್ದರೆ ಅದು ಕಾಯಿಲೆಯಲ್ಲ, ಚಿಕಿತ್ಸೆ ಬೇಕಿಲ್ಲ. ಚಿತ್ರ ಬಿಡಿಸುವವರು ಫೋಟೊ ಅಥವಾ ವಸ್ತುವನ್ನು ಎದುರಿಗಿಟ್ಟುಕೊಳ್ಳಿ. ಬರೆಯುವವರು ಮಾತು, ವಾಸನೆ, ಸ್ಪರ್ಶದ ನೆನಪಿನಿಂದ ಶುರುಮಾಡಿ. ಮನೆಯವರ ಮುಖ ಮನದಲ್ಲಿ ಮೂಡದಿದ್ದರೆ ಪ್ರೀತಿ ಕಡಿಮೆ ಎಂದರ್ಥವಲ್ಲ. ಆದರೆ ಮೊದಲು ಕಾಣುತ್ತಿದ್ದ ಚಿತ್ರಗಳು ತಲೆಗೆ ಪೆಟ್ಟು ಬಿದ್ದ ಮೇಲೆ, ಪಾರ್ಶ್ವವಾಯುವಿನ ನಂತರ ಅಥವಾ ಇದ್ದಕ್ಕಿದ್ದಂತೆ ಮಾಯವಾದರೆ ತಡಮಾಡದೆ ನರರೋಗ ತಜ್ಞರನ್ನು ಕಾಣಿ.